ಗ್ರೀನ್ ಟೀಯಲ್ಲಿ ಬಸ್ಸಾರಿನ ಕಟ್ಟು: ಜಪಾನಿನ ಟೀ ರುಚಿ ನೋಡುವ ಬಗೆ, ಹೇಳುವ ಬಗೆ

"ಇದು ಬಸ್ಸಾರಿನ ಕಟ್ಟು ಕಣಮ್ಮ. ಉಪ್ಪು ಖಾರ ಹಾಕಿಲ್ಲ, ಅಷ್ಟೇ."

ಜಪಾನಿನ ಸೆಂಚಾ ಅನ್ನೋ ಗ್ರೀನ್ ಟೀಯನ್ನು ಸರಿಯಾದ ಹದದಲ್ಲಿ ಮಾಡಿ ಮೊದಲ ಸಲ ಕೈಗೆ ಕೊಟ್ಟಾಗ ನಮ್ಮತ್ತೆ ಹೇಳಿದ ಮಾತು ಇದು. ಬಸ್ಸಾರಿಗೆ ಸೊಪ್ಪು, ಬೇಳೆ ಬೇಯಿಸಿ ಬಸಿದ ನೀರೇ ಕಟ್ಟು. ಅವರಿಗೆ ಜಪಾನ್ ಅಂದರೆ ರೇಷ್ಮೆ ಹುಳುವಿನ ತಳಿ ಬಂದ ದೇಶ. ಅಷ್ಟೇ ಗೊತ್ತು. ಆದರೆ ನಾನು ಆರು ತಿಂಗಳಿಂದ ಹುಡುಕುತ್ತಿದ್ದ ಪದವನ್ನು ಅವರು ಒಂದೇ ಗುಟುಕಿಗೆ ಹೇಳಿಬಿಟ್ಟರು.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಮನೆ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ ಇದೆ. ನನ್ನ ತಮ್ಮ ಕೋಲಾರದ ನರಸಾಪುರದಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿಗೆ ಬಂದಿದ್ದ ಜಪಾನಿನವರೊಬ್ಬರು ಊರಿಗೆ ವಾಪಸ್ ಹೋಗುವಾಗ ಅವನಿಗೆ ಒಂದು ಡಬ್ಬಿ ಸೆಂಚಾ ಕೊಟ್ಟಿದ್ದರು. ನಾನು ಅದನ್ನು ಎಲ್ಲ ಟೀ ಪುಡಿಯ ಹಾಗೆ ಕುದಿಸಿದೆ, ಹಾಲು ಸಕ್ಕರೆ ಹಾಕಿದೆ. ಕಹಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಡಬ್ಬಿ ಅರ್ಧ ಹೀಗೇ ಖರ್ಚಾಯಿತು. ಆಮೇಲೆ ಕುದಿಸಬಾರದು ಅಂತ ಗೊತ್ತಾಯಿತು. ಹದ ಕಲಿತೆ. ಆದರೆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ ಹೂವು, ಹಣ್ಣು, ಸಮುದ್ರ ಯಾವುದೂ ನನ್ನ ಬಾಯಿಗೆ ಸಿಗಲಿಲ್ಲ. ಅತ್ತೆಯ ಮಾತು ಕೇಳಿದ ಮೇಲೆ ಹುಡುಕುವ ಜಾಗ ಬದಲಾಯಿತು. ನಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ ಇರುವ ರುಚಿಗಳಲ್ಲೇ ಈ ಟೀಗೆ ಪದ ಹುಡುಕಬೇಕು. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ನೀರು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಗಡಸುತನ. ಆ ನೀರಿನಲ್ಲಿ ಮಾಡಿದ ಸೆಂಚಾ ಮಂಕಾಗಿ ಬರುತ್ತದೆ. ಬಣ್ಣ ಕಂದು ತಿರುಗುತ್ತದೆ, ಘಮ ಏಳುವುದಿಲ್ಲ. ಜಪಾನಿನಲ್ಲಿ ಹೆಚ್ಚಿನ ಕಡೆ ನೀರು ಮೆದು, ಅವರ ಟೀ ಆ ನೀರಿಗೆ ಹೊಂದಿಕೊಂಡದ್ದು. ನಾನು ಒಂದು ದಿನ ಮೂರು ಲೋಟ ಇಟ್ಟು ನೋಡಿದೆ: ಬೋರ್ ನೀರು, ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು, ತಾರಸಿ ತೊಳೆದ ಮೇಲೆ ಹಿಡಿದು ಸೋಸಿ ಕುದಿಸಿದ ಮಳೆ ನೀರು. ಒಂದೇ ಎಲೆ, ಒಂದೇ ಹೊತ್ತು. ಮಳೆ ನೀರಿನದು ಎಲ್ಲಕ್ಕಿಂತ ಮೇಲು, ಕ್ಯಾನ್ ನೀರಿನದು ಅದರ ಹತ್ತಿರ. ಬೋರ್ ನೀರಿನದನ್ನು ಬೇರೆ ಟೀ ಅಂತಲೇ ಅಂದುಕೊಳ್ಳಬೇಕು, ಅಷ್ಟು ವ್ಯತ್ಯಾಸ. ದಿನಾ ಕ್ಯಾನ್ ನೀರು ಸಾಕು.

ಎರಡನೆಯದು ಬಿಸಿ. ಥರ್ಮಾಮೀಟರ್ ಬೇಡ. ನಮ್ಮ ಕಡೆ ಊರುಗಳು ಸಮುದ್ರಮಟ್ಟದಿಂದ 800-900 ಮೀಟರ್ ಎತ್ತರದಲ್ಲಿವೆ. ಹಾಗಾಗಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಒಂದು ಪಿಂಗಾಣಿ ಕಪ್ಪಿನಿಂದ ಇನ್ನೊಂದಕ್ಕೆ ಬಗ್ಗಿಸಿದರೆ ಪ್ರತಿ ಸಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಒಂದು ಸಲ ಬಗ್ಗಿಸಿದರೆ 87 ಹತ್ತಿರ, ಎರಡು ಸಲಕ್ಕೆ 80ಕ್ಕಿಂತ ಕೆಳಗೆ, ಮೂರು ಸಲಕ್ಕೆ 70ರ ಆಸುಪಾಸು. ಸೆಂಚಾಕ್ಕೆ ಮೂರು ಸಲ ಬಗ್ಗಿಸಿದ ನೀರು ಸರಿ.

ಅಳತೆ: ಒಬ್ಬರಿಗೆ 150 ಮಿಲಿ ನೀರಿಗೆ 4ರಿಂದ 5 ಗ್ರಾಂ ಎಲೆ, ಅಂದರೆ ಸುಮಾರು ಎರಡು ಟೀ ಚಮಚ. ನಾವು ಹಾಲಿನ ಟೀಗೆ ಹಾಕುವುದಕ್ಕಿಂತ ಇದು ಜಾಸ್ತಿ ಅನ್ನಿಸುತ್ತದೆ. ಆದರೆ ಇದೇ ಎಲೆಯಿಂದ ಮೂರು ಸಲ ಟೀ ಬರುತ್ತದೆ. ಜಪಾನಿನವರು ಪಕ್ಕದಲ್ಲಿ ಹಿಡಿ ಇರುವ ಕ್ಯೂಸು ಅನ್ನೋ ಪುಟ್ಟ ಮಣ್ಣಿನ ಹೂಜಿ ಬಳಸುತ್ತಾರೆ. ನನ್ನ ಹತ್ತಿರ ಅದಿಲ್ಲ. ಮುಚ್ಚಳ ಇರುವ ಪಿಂಗಾಣಿ ಕಪ್ಪು, ಸಣ್ಣ ಕಣ್ಣಿನ ಜಾಲರಿ ಸಾಕಾಗಿದೆ. ಸ್ಟೀಲ್ ಲೋಟ ಮಾತ್ರ ಬೇಡ. ತುಟಿ ಸುಡುತ್ತದೆ, ಬಣ್ಣವೂ ಕಾಣುವುದಿಲ್ಲ. ಒಳಗೆ ಬಿಳಿ ಇರುವ ಕಪ್ಪೇ ಬೇಕು.

ಹೊತ್ತು ನೋಡಿ ಕೂರಬೇಕು. ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ಕೂತರೆ ಇಂಗು, ಬೆಳ್ಳುಳ್ಳಿ ಬಿಟ್ಟು ಬೇರೆ ಏನೂ ಮೂಗಿಗೆ ಬರುವುದಿಲ್ಲ. ನಾನು ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ, ಕೈ ತೊಳೆದು, ಹನ್ನೊಂದು ಗಂಟೆಗೆ ಜಗಲಿಯಲ್ಲಿ ಕೂರುತ್ತೇನೆ. ಊದುಬತ್ತಿ ಹಚ್ಚಿರಬಾರದು. ಎಲೆ ಅಡಿಕೆ ಹಾಕಿದ್ದರೆ ಆ ದಿನ ಬಿಟ್ಟುಬಿಡಿ, ಅಡಿಕೆಯ ಒಗರು ನಾಲಿಗೆ ಬಿಟ್ಟು ಹೋಗಲು ತುಂಬಾ ಹೊತ್ತು ಬೇಕು. ತಲೆಯಲ್ಲಿ ಮಲ್ಲಿಗೆ ಇದ್ದರೂ ತೆಗೆದಿಡಿ. ಮಲ್ಲಿಗೆ ಮುಡಿದು ಕೂತಿದ್ದ ನಮ್ಮ ಓರಗಿತ್ತಿ ಎಲ್ಲ ಟೀಯಲ್ಲೂ ಹೂವಿನ ವಾಸನೆ ಇದೆ ಅಂದಳು.

ಟೀಗೆ ಮುಂಚೆ ನಾಲಿಗೆಗೆ ಸ್ವಲ್ಪ ಅಭ್ಯಾಸ ಬೇಕು. ನಾನು ಯಾರಿಗೆ ಹೇಳಿಕೊಟ್ಟರೂ ಇದನ್ನು ಮಾಡಿಸದೆ ಬಿಡುವುದಿಲ್ಲ. ಎಲ್ಲರೂ ತಪ್ಪುವುದು ಇಲ್ಲೇ: ಕಹಿ ಮತ್ತು ಒಗರು ಒಂದೇ ಅಂದುಕೊಳ್ಳುತ್ತಾರೆ. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ಆ ನೀರು ಒಂದು ಗುಟುಕು ಕುಡಿಯಿರಿ. ಅದು ಕಹಿ. ನಾಲಿಗೆಯ ಹಿಂಭಾಗದಲ್ಲಿ ಕೂರುತ್ತದೆ, ಆದರೆ ಬಾಯಿ ಒದ್ದೆಯಾಗೇ ಇರುತ್ತದೆ. ಬಾಯಿ ಮುಕ್ಕಳಿಸಿ, ಎಳೆ ಸೀಬೆಕಾಯಿ ಒಂದು ಚೂರು ಕಚ್ಚಿ. ಒಸಡು ಒಣಗಿದಂತೆ, ಕೆನ್ನೆ ಒಳಗೆ ಎಳೆದಂತೆ ಆಗುತ್ತದಲ್ಲ, ಅದು ಒಗರು. ಕಹಿ ರುಚಿ. ಒಗರು ಬಾಯಿಗೆ ಆಗುವ ಸ್ಪರ್ಶ. ಟೀಯಲ್ಲಿರುವ ಕ್ಯಾಟೆಚಿನ್‌ಗಳು ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಬಾಯಿಯ ಜಾರು ಹೋಗುತ್ತದೆ. ಕಹಿಗೆ ಕೆಫೀನ್ ಒಂದು ಕಾರಣ, ಕ್ಯಾಟೆಚಿನ್‌ಗಳ ಪಾಲೂ ಇದೆ. ಜಪಾನಿನವರು ಒಗರಿಗೆ ಶಿಬುಮಿ ಅಂತಾರೆ, ಕಹಿಗೆ ನಿಗಾಮಿ ಅಂತಾರೆ. ನಮಗೂ ಎರಡಕ್ಕೂ ಬೇರೆ ಬೇರೆ ಹೆಸರಿದೆ. ಅದನ್ನು ಕಲಸಬಾರದು ಅಷ್ಟೇ.

ಕಹಿ, ಒಗರು ಆದ ಮೇಲೆ ಮೂರನೆಯದು ಉಮಾಮಿ. 1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಅವರು ಕೊಂಬು ಅನ್ನೋ ಕಡಲ ಸೊಪ್ಪಿನ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಟೀ ಎಲೆಯಲ್ಲಿ ಗ್ಲುಟಮೇಟ್ ಜೊತೆ ಥಿಯಾನಿನ್ ಅನ್ನೋ ಅಮೈನೋ ಆಮ್ಲವೂ ಇರುತ್ತದೆ. ಈ ರುಚಿ ಹಿಡಿಯಲು ನಮ್ಮ ಬಸ್ಸಾರಿಗಿಂತ ಒಳ್ಳೆ ದಾರಿ ಇಲ್ಲ. ದಂಟಿನ ಸೊಪ್ಪು, ತೊಗರಿಬೇಳೆ ಬೇಯಿಸಿ ಬಸಿಯುತ್ತೀರಲ್ಲ, ಮಸಾಲೆ ರುಬ್ಬಿ ಹಾಕುವ ಮುಂಚೆ ಆ ಕಟ್ಟನ್ನು ಒಂದು ಬಟ್ಟಲಿಗೆ ತೆಗೆದುಕೊಳ್ಳಿ. ಉಪ್ಪಿಲ್ಲದೆ ಹಾಗೇ ಕುಡಿಯಿರಿ. ಮೊದಲು ಸಪ್ಪೆ ಅನ್ನಿಸುತ್ತದೆ. ನುಂಗಿದ ಮೇಲೆ ನಾಲಿಗೆ ಪೂರಾ ಏನೋ ಹರಡಿಕೊಂಡಂತೆ, ಬಾಯಲ್ಲಿ ನೀರು ಬಂದಂತೆ ಆಗುತ್ತದೆ. ಅದೇ ಉಮಾಮಿ. ನಾನು ಟೀ ರುಚಿ ಬರೆದಿಡುವ ಪುಸ್ತಕದಲ್ಲಿ ಇದನ್ನು "ಕಟ್ಟು" ಅಂತಲೇ ಬರೆಯುತ್ತೇನೆ. ತೆಳು ಕಟ್ಟು, ಗಟ್ಟಿ ಕಟ್ಟು ಅಂತ ಅಳತೆಯೂ ಸಿಗುತ್ತದೆ.

ಮೂಗಿಗೂ ಒಂದು ಅಭ್ಯಾಸ. ಮೂಗು ಬಿಗಿಯಾಗಿ ಹಿಡಿದು ನಾಲ್ಕು ಕಾಳು ಜೀರಿಗೆ ಅಗಿಯಿರಿ. ಸ್ವಲ್ಪ ಕಹಿ ಬಿಟ್ಟರೆ ಏನೂ ಇಲ್ಲ. ಕೈ ಬಿಟ್ಟ ಕೂಡಲೇ ಜೀರಿಗೆ ಬಂತು, ಅಲ್ವಾ? ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಬಾಯಿಯ ಹಿಂದಿನಿಂದ ಮೂಗಿಗೆ ಹೋಗುವ ವಾಸನೆ. ಅದಕ್ಕೇ ಟೀಯನ್ನು ಬಿಸಿ ಸಾರು ಕುಡಿಯುವ ಹಾಗೆ ಸುರ್ ಅಂತ ಗಾಳಿ ಸೇರಿಸಿ ಎಳೆಯಬೇಕು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು.

ಈಗ ಟೀ. ಹೋದ ಮಾಘದಲ್ಲಿ ಅತ್ತೆ, ನಾನು, ಓರಗಿತ್ತಿ ಮೂವರೂ ಕೂತು ನೋಡಿದ ಒಂದು ಸೆಂಚಾವನ್ನು ಹಾಗೇ ಹೇಳುತ್ತೇನೆ. ಜಪಾನಿನ ಶಿಜುವೊಕಾ ಸೀಮೆಯ ಎಲೆ. ಬಿಸಿ ನೀರಲ್ಲಿ ತೊಳೆದು ಒರೆಸಿದ ಬಿಸಿ ಕಪ್ಪಿಗೆ ಒಣ ಎಲೆ ಹಾಕಿ, ಮುಚ್ಚಿ, ಎರಡು ಸಲ ಕುಲುಕಿ ಮೂಸಿದೆವು. ಎಲೆ ಸೂಜಿಯಂತೆ ಸಣ್ಣಗೆ, ಕಡು ಹಸಿರು, ಮಿರಮಿರ. ನನಗೆ ಮೊದಲು ಬಂದದ್ದು ಹುಳುಮನೆಯ ಬಾಗಿಲು ತೆರೆದಾಗ ಬರುವ ವಾಸನೆ. ಆಗಷ್ಟೇ ಕತ್ತರಿಸಿ ಹರಡಿದ ಹಿಪ್ಪುನೇರಳೆ ಸೊಪ್ಪು. ಓರಗಿತ್ತಿ ಸ್ವಲ್ಪ ಹೊತ್ತು ಮೂಸಿ, "ಅಕ್ಕ, ಸೊಪ್ಪು ಒಣಗಿಸಿ ಅದರ ಮೇಲೆ ಕಡಲೆಪುರಿ ಇಟ್ಟಂಗಿದೆ" ಅಂದಳು. ಸರಿಯಾಗೇ ಹಿಡಿದಿದ್ದಳು. ಕೊನೆಯಲ್ಲಿ ಒಣಗಿಸುವಾಗ ಎಲೆಗೆ ಬಿಸಿ ತಾಗುತ್ತದೆ, ಆ ಹುರಿದ ಘಮ ಅದರದ್ದು.

ಮೊದಲ ನೀರು: ಮೂರು ಸಲ ಬಗ್ಗಿಸಿದ್ದು, ಒಂದು ನಿಮಿಷ. ಕೊನೆಯ ಹನಿವರೆಗೂ ಬಸಿಯಬೇಕು. ಎಲೆಯಲ್ಲಿ ನೀರು ಉಳಿದರೆ ಎರಡನೆಯದು ಕೆಡುತ್ತದೆ. ಬಣ್ಣ ತಿಳಿ ಹಳದಿ ಹಸಿರು. ಬಾಯಿಗೆ ದಪ್ಪಗೆ ಬಂತು, ಗಂಜಿ ತಿಳಿಯಷ್ಟು. ಸಿಹಿ ಇತ್ತು, ಸಕ್ಕರೆ ಬೆಲ್ಲದ ಸಿಹಿಯಲ್ಲ, ಹಸಿ ಬಟಾಣಿ ಅಗಿದರೆ ಬರುವ ಸಿಹಿ. ಹಿಂದೆಯೇ ಗಟ್ಟಿ ಕಟ್ಟು. ಒಗರು ಇಲ್ಲವೇ ಇಲ್ಲ ಅನ್ನಬಹುದು. ಅಮೈನೋ ಆಮ್ಲಗಳು ಕಡಿಮೆ ಬಿಸಿಯಲ್ಲೇ ನೀರಿಗೆ ಇಳಿಯುತ್ತವೆ, ಕ್ಯಾಟೆಚಿನ್ ಚೆನ್ನಾಗಿ ಇಳಿಯಲು 80 ಡಿಗ್ರಿ ದಾಟಬೇಕು. ಅದಕ್ಕೇ ಮೊದಲ ನೀರಿಗೆ ಈ ರುಚಿ.

ಎರಡನೆಯದಕ್ಕೆ ಎರಡೇ ಸಲ ಬಗ್ಗಿಸಿದ ನೀರು, ಹದಿನೈದು ಸೆಕೆಂಡ್ ಸಾಕು. ಎಲೆ ಆಗಲೇ ಬಿಚ್ಚಿಕೊಂಡಿರುತ್ತದೆ. ಟೀಯ ಬಣ್ಣ ಹೆಚ್ಚು ಹಸಿರಾಯಿತು. ಕಟ್ಟು ತೆಳುವಾಗಿ, ಒಗರು ನಾಲಿಗೆಯ ಎರಡು ಪಕ್ಕಕ್ಕೆ ಬಂತು. ನನಗೆ ಇದೇ ಜಾಸ್ತಿ ಇಷ್ಟ. ಸಿಹಿ, ಒಗರು ಎರಡೂ ಒಂದನ್ನೊಂದು ಹಿಡಿದುಕೊಂಡಿದ್ದವು. ಮೂರನೆಯದಕ್ಕೆ ಕುದಿ ಇಳಿದ ನೀರು ನೇರವಾಗಿ, ಅರ್ಧ ನಿಮಿಷ. ತೆಳು, ಚುರುಕು, ಕಹಿ ಎದುರಿಗೇ. ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ಕುಡಿಯಲು ಇದು ಚೆನ್ನ. ಒಂದೇ ಎಲೆ ಮೂರು ಮಾತು ಹೇಳಿತು. ಹೊಸಬರು ಹತ್ತು ಬಗೆಯ ಟೀ ತರಿಸುವ ಬದಲು ಒಂದೇ ಟೀಯನ್ನು ಹೀಗೆ ಮೂರು ಬಿಸಿಯಲ್ಲಿ ನೋಡಲಿ. ಕಲಿಯುವುದು ಬೇಗ.

ಇನ್ನು ಸೊಗಡು. ಈ ಪದ ಇಲ್ಲದಿದ್ದರೆ ನಾನು ಜಪಾನಿನ ಟೀ ಬಗ್ಗೆ ಕನ್ನಡದಲ್ಲಿ ಬರೆಯಲು ಆಗುತ್ತಲೇ ಇರಲಿಲ್ಲ. ಡಿಸೆಂಬರಿನಲ್ಲಿ ಇಬ್ಬನಿ ಬಿದ್ದ ಅವರೆಕಾಯಿ ಸುಲಿದಾಗ ಕೈಗೆ ಅಂಟು ಅಂಟಾಗಿ ಮೆತ್ತಿಕೊಂಡು, ಸೋಪಿನಲ್ಲಿ ತೊಳೆದರೂ ಹೋಗದ ವಾಸನೆ ಇದೆಯಲ್ಲ, ಹಸಿರೂ ಹೌದು, ಎಣ್ಣೆಯೂ ಹೌದು, ಅದು ಸೊಗಡು. ಬರೀ ಹುಲ್ಲಿನ ವಾಸನೆ ತೆಳು. ಸೊಗಡಿಗೆ ತೂಕವಿದೆ. ಒಳ್ಳೆ ಸೆಂಚಾದಲ್ಲಿ ಸೊಗಡು ಇರುತ್ತದೆ. ಕಾರಣ ಎಲೆ ಮಾಡುವ ಬಗೆ. ಚೀನಾದಲ್ಲಿ ಹೆಚ್ಚಿನ ಹಸಿರು ಟೀಯನ್ನು ಬಾಣಲೆಯಲ್ಲಿ ಹುರಿದು ಬಾಡಿಸುತ್ತಾರೆ, ಹಾಗಾಗಿ ಹುರಿಗಾಳಿನ ಘಮ ಬರುತ್ತದೆ. ಜಪಾನಿನಲ್ಲಿ ಕಿತ್ತ ಕೂಡಲೇ ಹಬೆಯಲ್ಲಿ ಬೇಯಿಸುತ್ತಾರೆ. ಕ್ಯೋಟೋ ಹತ್ತಿರದ ಉಜಿ ಕಡೆಯ ನಾಗತಾನಿ ಸೋಯೆನ್ ಅವರು 1738ರಲ್ಲಿ ಹಬೆಗೆ ಹಿಡಿದು, ಉಜ್ಜಿ, ಒಣಗಿಸುವ ಈಗಿನ ಸೆಂಚಾ ಕ್ರಮವನ್ನು ರೂಢಿಗೆ ತಂದರು ಅಂತ ಹೇಳುತ್ತಾರೆ. ಕಿತ್ತ ಸೊಪ್ಪನ್ನು ರಾಶಿ ಹಾಕಿ ಬಿಟ್ಟರೆ ಕಾವು ಹತ್ತಿ ಕೆಂಪಾಗುವುದು ರೇಷ್ಮೆ ಬೆಳೆಯುವವರಿಗೆಲ್ಲ ಗೊತ್ತು. ಹಬೆ ಆ ಕೆಂಪಾಗುವುದನ್ನು ತಡೆಯುತ್ತದೆ. ಹಸಿರು ಅಲ್ಲಿಗೇ ನಿಲ್ಲುತ್ತದೆ. ಅರ್ಧ ನಿಮಿಷದಷ್ಟು ಹಬೆ ಕೊಟ್ಟರೆ ತಿಳಿಯಾದ ಟೀ. ಒಂದು ನಿಮಿಷಕ್ಕಿಂತ ಹೆಚ್ಚು ಕೊಟ್ಟದ್ದು ಫುಕಾಮುಷಿ. ಎಲೆ ಪುಡಿಯಾಗಿ, ಟೀ ಕದಡಿದ ಹಸಿರಾಗಿ ಬರುತ್ತದೆ. ಅದರಲ್ಲಿ ಒಗರು ಕಮ್ಮಿ, ಬಾಯಿಗೆ ದಪ್ಪ, ಚೆನ್ನಾಗಿ ಬೆಂದ ಸೊಪ್ಪಿನ ವಾಸನೆ.

ಎಲೆಯ ವಯಸ್ಸೂ ಹಾಗೇ. ಚಾಕಿ ಹುಳುವಿಗೆ, ಅಂದರೆ ಮರಿ ರೇಷ್ಮೆ ಹುಳುವಿಗೆ, ಎರಡನೇ ಜ್ವರದವರೆಗೆ (ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತೇವೆ) ತುದಿಯ ಎಳೆ ಸೊಪ್ಪನ್ನೇ ಕೊಡುತ್ತೇವೆ, ದೊಡ್ಡ ಹುಳುವಿಗೆ ಬಲಿತ ಸೊಪ್ಪು. ಟೀಯಲ್ಲಿ ಏಪ್ರಿಲ್ ಕೊನೆ, ಮೇ ತಿಂಗಳ ಮೊದಲ ಕೊಯ್ಲಿನ ಎಳೆ ಎಲೆಗೆ ಕಟ್ಟು, ಸಿಹಿ ಜಾಸ್ತಿ. ಆಮೇಲಿನ ಕೊಯ್ಲಿನ ಬಲಿತ ಎಲೆ ಬಂಚಾ ಆಗುತ್ತದೆ. ಅದು ಹಗುರ, ಸ್ವಲ್ಪ ಒಣ ಹುಲ್ಲಿನ ರುಚಿ.

ಗ್ಯೊಕುರೊ ಬಗ್ಗೆ ಒಂದು ಮಾತು. ಇದು ದುಬಾರಿ, ನಾನು ಎರಡೇ ಸಲ ಕುಡಿದಿದ್ದೇನೆ. ಕೊಯ್ಲಿಗೆ ಮುಂಚೆ ಸುಮಾರು 20 ದಿನ ಗಿಡಕ್ಕೆ ನೆರಳು ಹಾಕಿರುತ್ತಾರೆ. ಬಿಸಿಲು ಬಿದ್ದರೆ ಎಲೆಯ ಥಿಯಾನಿನ್ ಕ್ಯಾಟೆಚಿನ್ ಆಗಲು ಖರ್ಚಾಗುತ್ತದೆ, ನೆರಳಲ್ಲಿ ಉಳಿಯುತ್ತದೆ. ನೀರು 50-60 ಡಿಗ್ರಿ ಮಾತ್ರ, ಎರಡು ನಿಮಿಷ, ನಾಲ್ಕೈದು ಗುಟುಕಿನಷ್ಟು ಟೀ. ಎಲ್ಲರೂ ಇದರಲ್ಲಿ ಕಡಲ ಸೊಪ್ಪಿನ ವಾಸನೆ ಅನ್ನುತ್ತಾರೆ. ನಮಗೆ ಕಡಲು ದೂರ. ಆದರೆ ಆ ವಾಸನೆಗೆ ಮುಖ್ಯ ಕಾರಣವಾದ ಡೈಮೀಥೈಲ್ ಸಲ್ಫೈಡ್, ಬೇಯಿಸಿದ ಮುಸುಕಿನ ಜೋಳದಲ್ಲೂ ಇದೆ. ನಂದಿಬೆಟ್ಟದ ದಾರಿಯಲ್ಲಿ ಜೋಳ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆಯನ್ನು ಒಂದು ಸಲ ಗಮನವಿಟ್ಟು ಮೂಸಿ, ಆಮೇಲೆ ಗ್ಯೊಕುರೊ ಮೂಸಿ. ಗುರುತು ಸಿಗುತ್ತದೆ.

ಹುರಿದ ಬಗೆಗಳು ನಮಗೆ ಸುಲಭ. ಗೆನ್‌ಮೈಚಾದಲ್ಲಿ ಹುರಿದ ಅಕ್ಕಿಯೇ ಇರುತ್ತದೆ, ಅದು ಪುರಿ ಭಟ್ಟಿಯ ಮುಂದೆ ನಿಂತ ಹಾಗೆ. ಹೋಜಿಚಾ ಅಂದರೆ ಟೀ ಎಲೆಯನ್ನೇ ಕಂದಾಗುವಂತೆ ಹುರಿದದ್ದು. ನಮ್ಮ ರಾಗಿ ಹುರಿಹಿಟ್ಟಿನ ಡಬ್ಬಿ ತೆರೆದಂತೆ ಇರುತ್ತದೆ. ಇವೆರಡಕ್ಕೂ ಕುದಿ ನೀರು ಹಾಕಬಹುದು. ಮನೆಯವರಿಗೆ ರುಚಿ ಹತ್ತಿಸಬೇಕಿದ್ದರೆ ಇಲ್ಲಿಂದ ಶುರು ಮಾಡಿ.

ಬರೆದಿಡುವುದನ್ನು ಬಿಡಬೇಡಿ. ನನ್ನದು ಗೂಡಿನ ಲೆಕ್ಕದ ಹಳೆ ಪುಸ್ತಕ, ಹಿಂದಿನ ಪುಟದಿಂದ ಟೀ ಶುರು. "ಚೆನ್ನಾಗಿದೆ", "ಪರವಾಗಿಲ್ಲ" ಅಂತ ಬರೆದರೆ ವಾರದ ಮೇಲೆ ಓದಿದಾಗ ಏನೂ ನೆನಪಾಗುವುದಿಲ್ಲ. ಯಾವ ಸೊಪ್ಪು, ಹಸಿಯೋ ಬೆಂದದ್ದೋ, ಎಷ್ಟು ಬೆಂದದ್ದು ಅಂತ ಬರೆಯಿರಿ. ಒಂದು ಪುಟ ಹೀಗಿದೆ: "ಸೆಂಚಾ, ಕಾಗೊಶಿಮಾ. ಕ್ಯಾನ್ ನೀರು. ಒಣ ಎಲೆ: ಹಸಿ ಹುರುಳಿಕಾಯಿ ಮುರಿದ ವಾಸನೆ. ಒದ್ದೆ ಎಲೆ: ನುಗ್ಗೆಸೊಪ್ಪು ಬೇಯುವಾಗ ಮುಚ್ಚಳ ತೆಗೆದಂತೆ. ಮೊದಲ ನೀರು: ಕಟ್ಟು ಮಧ್ಯಮ, ಬಾಯಿಗೆ ದಪ್ಪ. ನುಂಗಿದ ಮೇಲೆ ಸೊಗಡು ಹತ್ತು ಉಸಿರಿನವರೆಗೆ ಇತ್ತು. ಎರಡನೆಯದು: ಒಗರು, ನೇರಳೆಹಣ್ಣಿನಷ್ಟಲ್ಲ, ಸೀಬೆಕಾಯಿಗಿಂತ ಕಮ್ಮಿ. ಅತ್ತೆ: ದಂಟಿನ ಸೊಪ್ಪು, ಬೇಳೆ ಇಲ್ಲದ್ದು." ಜೊತೆಗೆ ಕೂತವರ ಮಾತನ್ನು ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಮೊದಲು ಎಲ್ಲರೂ ಸುಮ್ನೆ ಕುಡಿಯಬೇಕು, ಆಮೇಲೆ ಮಾತು. ಒಬ್ಬರು "ಹುಲ್ಲು" ಅಂದರೆ ಉಳಿದವರಿಗೂ ಹುಲ್ಲೇ ಕಾಣುತ್ತದೆ.

ಕೆಟ್ಟದ್ದನ್ನೂ ಗುರುತಿಸಬೇಕು. ಒಮ್ಮೆ ಆನ್‌ಲೈನಿನಲ್ಲಿ ಕಮ್ಮಿ ಬೆಲೆಗೆ ತರಿಸಿದ ಸೆಂಚಾ ಕಂದು ಬಣ್ಣಕ್ಕೆ ತಿರುಗಿತ್ತು, ವಾಸನೆ ಹಳೆ ಹುಲ್ಲಿನ ಬಣವೆಯ ತಳದ್ದು. ಅದು ಮುಗ್ಗಲು. ನೀರಿನ ಹದ ಎಷ್ಟು ಬದಲಿಸಿದರೂ ಸರಿಹೋಗಲಿಲ್ಲ. ಪ್ಯಾಕೆಟ್ ಒಡೆದ ಮೇಲೆ ಒಂದು ತಿಂಗಳೊಳಗೆ ಮುಗಿಸಿ. ಗಾಳಿಯಾಡದ ಡಬ್ಬಿಯಲ್ಲಿ, ಸಾರಿನ ಪುಡಿಯಿಂದ ದೂರ ಇಡಿ. ಒಡೆಯದ ಪ್ಯಾಕೆಟ್ ಫ್ರಿಜ್ಜಿನಲ್ಲಿದ್ದರೆ, ಹೊರಗಿಟ್ಟು ತಣ್ಣಗಿರುವುದು ಪೂರಾ ಹೋದ ಮೇಲೆಯೇ ಒಡೆಯಿರಿ. ಇಲ್ಲದಿದ್ದರೆ ಎಲೆಗೆ ನೀರಿನ ಪಸೆ ಹಿಡಿಯುತ್ತದೆ.

ಬೇಸಿಗೆಯಲ್ಲಿ ಒಂದು ಲೀಟರ್ ಕ್ಯಾನ್ ನೀರಿಗೆ 10 ಗ್ರಾಂ ಸೆಂಚಾ ಹಾಕಿ ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇಡಿ. ಒಗರು, ಕಹಿ ಎರಡೂ ಹಿಂದೆ ಉಳಿದು, ಸಿಹಿ ಮತ್ತು ಕಟ್ಟು ಮಾತ್ರ ನೀರಿಗೆ ಬರುತ್ತವೆ. ಸೊಪ್ಪು ಕೊಯ್ದು ಬಂದವರಿಗೆ ನಾನು ಕೊಡುವುದು ಇದನ್ನೇ.

ಉಳಿದ ಎಲೆಯನ್ನು ನಾನು ಮೊದಲೆಲ್ಲ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಅತ್ತೆ ಒಂದು ದಿನ ತಡೆದರು. "ಕಟ್ಟು ಬಸಿದ ಮೇಲೆ ಸೊಪ್ಪು ಎಸೀತಾರೇನಮ್ಮ?" ಅಂದರು. ಜಪಾನಿನಲ್ಲೂ ಗ್ಯೊಕುರೊ ಎಲೆಗೆ ಹುಳಿ ಸೇರಿಸಿದ ಸೋಯಾ ಸಾಸ್ ಹಾಕಿ ತಿನ್ನುತ್ತಾರೆ. ಅತ್ತೆ ಮೂರು ನೀರು ಬಸಿದ ಎಲೆಯನ್ನು ಹಿಂಡಿ, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ, ಎರಡು ಹನಿ ನಿಂಬೆರಸ ಹಾಕಿದರು. ಸ್ವಲ್ಪ ಒಗರು, ಬಾಯಿಗೆ ನುಗ್ಗೆಸೊಪ್ಪಿನಷ್ಟು ಮೆದು. ಮುದ್ದೆಯ ಪಕ್ಕದಲ್ಲಿ ಇಟ್ಟುಕೊಂಡು ತಿಂದೆವು.